ಲಾರೆಲ್–ಹಾರ್ಡಿ ಚಿತ್ರಗಳಲ್ಲಿ ಅಷ್ಟೊಂದು ಬಿಡುವೇಕೆ?

ಪ್ರಶ್ನೆ: ವಾಕ್ಚಿತ್ರ ಯುಗದ ಆರಂಭದಲ್ಲಿ ಬಂದ, ಹಾಲಿವುಡ್‌ನ ಹಾಸ್ಯ ಜೋಡಿ ಲಾರೆಲ್–ಹಾರ್ಡಿಯವರ ಕಿರುಚಿತ್ರಗಳು ಈಗ ನಿಧಾನವೆನಿಸುತ್ತವೆ. ಪ್ರತಿ ನಗೆಯ ಪ್ರಸಂಗದ ನಂತರ ಪಾತ್ರಗಳು ಸುಮ್ಮನೆ ನಿಂತುಬಿಡುತ್ತವೆ. ಇದು ನಿರ್ದೇಶನದ ದೋಷವೇ?

ಉತ್ತರ: ಖಂಡಿತ ಅಲ್ಲ. ಆ ಬಿಡುವು ಬೇಕೆಂದೇ ಇಟ್ಟದ್ದು. ಇವನ್ನು ತಯಾರಿಸಿದ ಹ್ಯಾಲ್ ರೋಚ್ ಸ್ಟುಡಿಯೊದವರು ಬಿಡುಗಡೆಗೆ ಮುನ್ನ ತಮ್ಮ ಹಾಸ್ಯಚಿತ್ರಗಳನ್ನು ಪ್ರೇಕ್ಷಕರಿಗೆ ತೋರಿಸಿ, ಅವರು ಎಲ್ಲಿ, ಎಷ್ಟು ಹೊತ್ತು ನಕ್ಕರೆಂಬುದನ್ನು ಗಮನಿಸಿ ಸಂಕಲನವನ್ನು ತಿದ್ದುತ್ತಿದ್ದರು. ಮೂಕಿ ಚಿತ್ರದಲ್ಲಿ ನಗು ಎಷ್ಟೇ ಜೋರಾದರೂ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಮಾತು ಬಂದ ಮೇಲೆ, ಮುಂದಿನ ಸಂಭಾಷಣೆ ಆ ನಗುವಿನಲ್ಲಿ ಮುಳುಗದಂತೆ ನೋಡಿಕೊಳ್ಳಬೇಕಾಯಿತು. ಹಾರ್ಡಿ ಕ್ಯಾಮೆರಾದತ್ತ ತಿರುಗಿ ನಮ್ಮನ್ನೇ ದಿಟ್ಟಿಸುವ ನೋಟವೂ ಜನ ತುಂಬಿದ ಚಿತ್ರಮಂದಿರವನ್ನು ಲೆಕ್ಕಕ್ಕಿಟ್ಟುಕೊಂಡದ್ದು. ಒಬ್ಬರೇ ಕುಳಿತು ಮೊಬೈಲಿನಲ್ಲಿ ನೋಡುವಾಗ ಅದು ಖಾಲಿಯೆನಿಸುವುದು ಸಹಜ.

ಜೇಮ್ಸ್ ಪ್ಯಾರಟ್ ನಿರ್ದೇಶಿಸಿದ ‘ದಿ ಮ್ಯೂಸಿಕ್ ಬಾಕ್ಸ್’ (1932) ಇದಕ್ಕೆ ಅತ್ಯುತ್ತಮ ನಿದರ್ಶನ. ಹಾಸ್ಯ ಕಿರುಚಿತ್ರಗಳಿಗೆ ಮೊದಲ ಬಾರಿ ಕೊಟ್ಟ ಆಸ್ಕರ್ ಇದಕ್ಕೇ ಸಂದಿತು. ಕಥೆಯೆಂದರೆ, ಲಾಸ್ ಏಂಜಲೀಸ್‌ನ 133 ಮೆಟ್ಟಿಲುಗಳ ಮೇಲೆ ಒಂದು ಪಿಯಾನೊವನ್ನು ಹೊತ್ತೊಯ್ಯುವುದು, ಅಷ್ಟೇ. ಪ್ಯಾರಟ್ ಮೊದಲು ಕ್ಯಾಮೆರಾವನ್ನು ಕೆಳಗಿಟ್ಟು ಇಡೀ ಮೆಟ್ಟಿಲ ಸಾಲನ್ನು ತೋರಿಸುತ್ತಾರೆ. ಮುಂದೇನಾಗಲಿದೆಯೆಂದು ನಮಗೆ ಆಗಲೇ ಹೊಳೆಯುತ್ತದೆ. ಅರ್ಧ ದಾರಿಯಲ್ಲಿ ಮಗುವಿನ ತಳ್ಳುಗಾಡಿಯೊಂದಿಗೆ ಇಳಿದು ಬರುವ ದಾದಿಗೆ ದಾರಿ ಬಿಡಲು ಹೋಗಿ ಇಬ್ಬರೂ ಹಿಡಿತ ಸಡಿಲಿಸುತ್ತಾರೆ. ಪೆಟ್ಟಿಗೆ ತಂತಿಗಳ ಝಣತ್ಕಾರದೊಂದಿಗೆ ಉರುಳುತ್ತ ಬೀದಿಗೆ ಹಿಂತಿರುಗುತ್ತದೆ. ಪಿಯಾನೊ ಮುಚ್ಚಿದ ಪೆಟ್ಟಿಗೆಯೊಳಗಿದೆ, ಒಳಗಿನ ಹಾನಿ ನಮಗೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಮೂಕಿ ಚಿತ್ರಕ್ಕೆ ಎಟುಕದಿದ್ದ ಹಾಸ್ಯ ಇದೇ. 1929ರಲ್ಲಿ ಬಂದ ಲಾರೆಲ್–ಹಾರ್ಡಿಯವರ ಮೊದಲ ವಾಕ್ಚಿತ್ರದ ಕೊನೆಯಲ್ಲೇ ಈ ದಾರಿ ಕಂಡಿತ್ತು: ಅಲ್ಲಿ ಲಾರೆಲ್ ಮೆಟ್ಟಿಲಿನಿಂದ ಉರುಳುವುದು ನಮಗೆ ಬರಿಯ ಸದ್ದಿನಲ್ಲಿ ತಿಳಿಯುತ್ತದೆ.

ನನಗಂತೂ ಮೆಟ್ಟಿಲ ಪ್ರಸಂಗದ ಕೊನೆ ಎಲ್ಲಕ್ಕಿಂತ ಮಿಗಿಲು. ಮೇಲೆ ತಲುಪಿದ ಮೇಲೆ, ಮನೆಯವರೆಗೂ ಗಾಡಿಯ ರಸ್ತೆಯಿದೆಯೆಂದು ಅಂಚೆಯವನು ತಿಳಿಸುತ್ತಾನೆ. ಇಬ್ಬರೂ ಪಿಯಾನೊವನ್ನು ಮತ್ತೆ ಕೆಳಗಿಳಿಸಿ, ಗಾಡಿಗೇರಿಸಿ, ರಸ್ತೆಯಿಂದ ತರುತ್ತಾರೆ! ಅವಸರದ ನಿರ್ದೇಶಕನ ಕೈಯಲ್ಲಿ ಈ ಪ್ರಸಂಗ ಸತ್ತೇ ಹೋಗುತ್ತಿತ್ತು, ಏಕೆಂದರೆ ಅಷ್ಟು ಹೊತ್ತಿನ ಶ್ರಮವನ್ನು ನಾವೂ ಕುಳಿತು ಅನುಭವಿಸಿರದಿದ್ದರೆ ಆ ಮೂರ್ಖತನಕ್ಕೆ ತೂಕವೇ ಬರುತ್ತಿರಲಿಲ್ಲ.

ಈ ಶೈಲಿಯ ಶ್ರೇಯಸ್ಸು ಪ್ಯಾರಟ್ ಒಬ್ಬರದಲ್ಲ. ಪ್ರಸಂಗಗಳನ್ನು ಹೆಣೆಯುವುದರಿಂದ ಹಿಡಿದು ಸಂಕಲನದವರೆಗೂ ಸ್ಟಾನ್ ಲಾರೆಲ್ ಅವರ ಪಾಲು ದೊಡ್ಡದಿತ್ತು. ಶೀರ್ಷಿಕೆಗಳಲ್ಲಿ ನಿರ್ದೇಶಕನ ಹೆಸರನ್ನಷ್ಟೇ ಓದಿದವರಿಗೆ ಅದು ತಿಳಿಯುವುದಿಲ್ಲ.