ಮುಟ್ಟು ನಿಂತ ಮೇಲಿನ ಒಂದು ವಾರ ನಿಜಕ್ಕೂ ಸೇಫಾ?

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದ ಮಗು ಇದೆ, ಸದ್ಯಕ್ಕೆ ಇನ್ನೊಂದು ಬೇಡ. ಮುಟ್ಟು ಐದು ದಿನ ಇರುತ್ತೆ. ಒಂದೊಂದು ಸಲ 25 ದಿನಕ್ಕೇ ಬರುತ್ತೆ, ಒಂದೊಂದು ಸಲ 31 ದಿನ ಆಗುತ್ತೆ. ಮುಟ್ಟು ನಿಂತ ಮೇಲೆ ಒಂದು ವಾರ ಏನೂ ಆಗಲ್ಲ ಅಂತ ನಮ್ಮಕ್ಕ ಹೇಳ್ತಾಳೆ. ಹೌದಾ?

ಉತ್ತರ: ಇಲ್ಲ. ನಿಮ್ಮ ವಿಷಯದಲ್ಲಂತೂ ಆ ವಾರವನ್ನು ನಂಬಲೇಬಾರದು.

ಅಂಡಾಶಯದಿಂದ ಹೊರಬಂದ ಅಂಡಾಣು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹಾಗಲ್ಲ. ಹೆಣ್ಣಿನ ಮೈಯೊಳಗೆ ಅದು ಐದು ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಅಂಡಾಣು ಹೊರಬರುವ ದಿನ, ಅದರ ಹಿಂದಿನ ಐದು ದಿನ, ಒಟ್ಟು ಈ ಆರು ದಿನಗಳಲ್ಲಿ ಯಾವಾಗ ಗಂಡ ಹೆಂಡತಿ ಕೂಡಿದರೂ ಗರ್ಭ ನಿಲ್ಲಬಹುದು. ಆ ಆರು ದಿನ ಯಾವುವು ಎಂದು ಮುಂಚೆಯೇ ಹೇಳುವುದೇ ಕಷ್ಟ.

ಎಲ್ಲರೂ '14ನೇ ದಿನ' ಎನ್ನುತ್ತಾರೆ, ಅಲ್ವಾ? ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ಅಂಡಾಣು ಹೊರಬರುವುದಕ್ಕೂ ಮುಂದಿನ ಮುಟ್ಟಿಗೂ ನಡುವೆ ಸುಮಾರು 14 ದಿನ ಇರುತ್ತದೆ. ಅಂದರೆ ಎಣಿಸಬೇಕಾದದ್ದು ಹಿಂದಿನ ಮುಟ್ಟಿನಿಂದ ಅಲ್ಲ, ಇನ್ನೂ ಬರದ ಮುಟ್ಟಿನಿಂದ ಹಿಂದಕ್ಕೆ. 1920ರ ದಶಕದಲ್ಲಿ ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು.

ಈಗ ನಿಮ್ಮ 25 ದಿನದ ತಿಂಗಳನ್ನೇ ತೆಗೆದುಕೊಳ್ಳೋಣ. 25ರಲ್ಲಿ 14 ಕಳೆದರೆ 11. ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಸುಮಾರು 11ನೇ ದಿನ ಅಂಡಾಣು ಹೊರಬರುತ್ತದೆ. ಐದನೇ ದಿನಕ್ಕೆ ಮುಟ್ಟು ನಿಂತಿತು, ಏಳನೇ ದಿನ ಗಂಡ ಹೆಂಡತಿ ಕೂಡಿದಿರಿ ಎಂದುಕೊಳ್ಳಿ. ವೀರ್ಯಾಣು 11ನೇ ದಿನಕ್ಕೂ ಬದುಕಿರಬಹುದು. ಬಸಿರಾಗಲು ಅಷ್ಟು ಸಾಕು. ನಿಮ್ಮಕ್ಕನಿಗೆ 31-32 ದಿನಕ್ಕೆ ಮುಟ್ಟಾಗುತ್ತಿದ್ದರೆ ಅವರಿಗೆ ಈ ನಂಬಿಕೆ ಇಷ್ಟು ದಿನ ಕೈಕೊಡದೆ ಇದ್ದಿರಬಹುದು.

ಲೆಕ್ಕ ಹಾಕಲೇಬೇಕೆಂದರೆ ಕನಿಷ್ಠ ಆರು ತಿಂಗಳು ಮುಟ್ಟಿನ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಒಂದು ಮುಟ್ಟು ಶುರುವಾದ ದಿನದಿಂದ ಮುಂದಿನದು ಶುರುವಾಗುವವರೆಗಿನ ದಿನಗಳೇ ಒಂದು ಚಕ್ರ. ಎಲ್ಲಕ್ಕಿಂತ ಚಿಕ್ಕ ಚಕ್ರದ ದಿನಗಳಿಂದ 18 ಕಳೆಯಿರಿ, ದೊಡ್ಡದರಿಂದ 11 ಕಳೆಯಿರಿ. ನಿಮಗೆ 25-18=7, 31-11=20. ಏಳನೇ ದಿನದಿಂದ 20ನೇ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದೆ. ಮುಟ್ಟು ನಿಂತ ಮೇಲೆ ಉಳಿಯುವುದು ಆರನೇ ದಿನ ಒಂದೇ! ವೀರ್ಯಾಣು ಐದು ದಿನ ಬದುಕಬಲ್ಲದು ಎಂದು ಗೊತ್ತಿರುವಾಗ ಆ ಒಂದು ದಿನವನ್ನೂ ನಾನು ನಂಬುವುದಿಲ್ಲ. 21ನೇ ದಿನದಿಂದ ಮುಂದಿನ ಮುಟ್ಟಿನವರೆಗೆ ಸಾಧ್ಯತೆ ಕಡಿಮೆ. ಆದರೆ ಜ್ವರ, ಟೆನ್ಶನ್, ನಿದ್ದೆಗೇಡು ಇದ್ದ ತಿಂಗಳು ಅಂಡಾಣು ತಡವಾಗಿಯೂ ಹೊರಬರಬಹುದು.

ಎಂಟರಿಂದ 19ನೇ ದಿನದವರೆಗೆ ದೂರವಿರಿ ಎನ್ನುವ ಇನ್ನೊಂದು ವಿಧಾನವಿದೆ. ಅದು 26ರಿಂದ 32 ದಿನಕ್ಕೆ ಮುಟ್ಟಾಗುವವರಿಗೆ ಮಾತ್ರ. ನಿಮಗೆ ಹೊಂದುವುದಿಲ್ಲ. ಅದನ್ನು ತಪ್ಪದೆ ಪಾಲಿಸಿದರೂ ವರ್ಷಕ್ಕೆ ನೂರರಲ್ಲಿ ಸುಮಾರು ಐದು ಹೆಂಗಸರು ಬಸಿರಾಗುತ್ತಾರೆ. ಸಾಮಾನ್ಯವಾಗಿ ಜನ ಪಾಲಿಸುವ ರೀತಿಯಲ್ಲಿ ಆದರೆ ಸುಮಾರು 12 ಜನ.

ಈ ಲೆಕ್ಕಕ್ಕೂ ನಮ್ಮ ರಾಮನಗರಕ್ಕೂ ಹಳೆಯ ನಂಟಿದೆ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದಿನ ಎಣಿಸುವ ವಿಧಾನದ ಪ್ರಯೋಗ ನಡೆದದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ ಮತ್ತು ಆಗಿನ ಮೈಸೂರು ರಾಜ್ಯದ ರಾಮನಗರದಲ್ಲಿ. ಅಮೆರಿಕದ ಡಾ. ಏಬ್ರಹಾಂ ಸ್ಟೋನ್ ಅದಕ್ಕಾಗಿ ಬಂದಿದ್ದರು. ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಹಸಿರು ಮಣಿ ಬಂದರೆ ಚಿಂತೆಯಿಲ್ಲ, ಕೆಂಪು ಮಣಿ ಬಂದರೆ ದೂರವಿರಬೇಕು. ಅಂದುಕೊಂಡಷ್ಟು ಫಲ ಸಿಗಲಿಲ್ಲ. ಅದಕ್ಕೆ ಹೆಂಗಸರನ್ನು ದೂರುವುದು ಸರಿಯಲ್ಲ. ಮುಂದಿನ ಮುಟ್ಟು ಯಾವಾಗ ಎಂದು ಯಾವ ಸರಕ್ಕೂ ಗೊತ್ತಿರುವುದಿಲ್ಲ. ಇವತ್ತಿನ ಫೋನ್ ಆಪ್‌ಗಳಲ್ಲೂ ಬಹಳಷ್ಟು ಹಿಂದಿನ ತಿಂಗಳುಗಳನ್ನು ನೋಡಿ ಊಹೆಯನ್ನೇ ಹೇಳುತ್ತವೆ.

ಮೈ ತಾನೇ ಕೊಡುವ ಸೂಚನೆ ಇನ್ನೂ ಮೇಲು. ಅಂಡಾಣು ಹೊರಬರುವ ದಿನ ಹತ್ತಿರವಾದಂತೆ ಬಿಳಿ ಸ್ರಾವ ತೆಳ್ಳಗಾಗುತ್ತದೆ, ಮೊಟ್ಟೆಯ ಲೋಳೆಯಂತೆ ಬೆರಳಲ್ಲಿ ಎಳೆ ಬರುತ್ತದೆ. ಮಗು ಬೇಕೆನ್ನುವವರಿಗೆ ಇದು ಒಳ್ಳೆಯ ಗುರುತು. ಆಗ ದಿನ ಬಿಟ್ಟು ದಿನ ಕೂಡಿದರೂ ಸಾಕು. ಸ್ರಾವಕ್ಕೆ ತುರಿಕೆ, ವಾಸನೆ ಇದ್ದರೆ ಅದು ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ. ಬೆಳಗಿನ ಮೈ ಉಷ್ಣತೆ ಅಳೆಯುವುದೂ ಉಂಟು. ಆದರೆ ಅದು ಏರುವುದು ಅಂಡಾಣು ಹೊರಬಂದ ಮೇಲೆ, ಹಾಗಾಗಿ ಮುಂಚೆಯೇ ಎಚ್ಚರಿಸುವುದಿಲ್ಲ.

ಎದೆಹಾಲು ಕುಡಿಸುತ್ತಿರುವವರು, ಪಿಸಿಒಎಸ್ (ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ) ಇರುವವರು, ಗರ್ಭನಿರೋಧಕ ಗುಳಿಗೆ ನಿಲ್ಲಿಸಿ ಸ್ವಲ್ಪ ದಿನವಾದವರು, ಮುಟ್ಟು ನಿಲ್ಲುವ ವಯಸ್ಸಿಗೆ ಬಂದವರು ಕ್ಯಾಲೆಂಡರನ್ನು ನಂಬಿ ಕೂರಬಾರದು.

ನಿಮಗೆ ಈಗ ಮಗು ಬೇಡ ಎನ್ನುವುದು ಖಚಿತವಾದರೆ ಕಾಪರ್-ಟಿ ಬಗ್ಗೆ ಯೋಚಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಬೇಕೆಂದಾಗ ತೆಗೆಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಎಂಬ ಗರ್ಭನಿರೋಧಕ ಇಂಜೆಕ್ಷನ್, 'ಛಾಯಾ' ಎಂಬ ಗರ್ಭನಿರೋಧಕ ಗುಳಿಗೆಗಳೂ ಸರ್ಕಾರದ ಕಡೆಯಿಂದ ಸಿಗುತ್ತವೆ. ಅದನ್ನು ತೀರ್ಮಾನಿಸುವ ತನಕ ಕಾಂಡೋಮ್ ಬಳಸಿ, ದಿನ ನೋಡಿ ಅಲ್ಲ, ಪ್ರತಿ ಸಲವೂ. ಈ ತಿಂಗಳು ಈಗಾಗಲೇ ಅಕ್ಕನ ಮಾತು ನಂಬಿ ಕೂಡಿದ್ದು, ಮುಟ್ಟು ತಡವಾಗಿದ್ದರೆ ಸುಮ್ನೆ ಕಾಯಬೇಡಿ. ಆಶಾ ಕಾರ್ಯಕರ್ತೆಯ ಹತ್ತಿರ ಬಸಿರು ಪರೀಕ್ಷೆಯ 'ನಿಶ್ಚಯ್' ಕಿಟ್ ಕೇಳಿ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.