ಮೊಡವೆಗೆ ಬೆಳಕು, ಬಂಗಿಗೆ ನೆರಳು

ಚರ್ಮವೈದ್ಯರ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ಒಂದು ಚಿಕ್ಕ ಕೈದೀಪವಿರುತ್ತದೆ. ಕಿಟಕಿಯ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ರೋಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಸುಮಾರು 365 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ ಸೂಸುವ ಈ ದೀಪವನ್ನು ಮೊಡವೆಯ ಮುಖಕ್ಕೆ ಹಿಡಿದರೆ, ಮೂಗಿನ ಮೇಲೂ ಗದ್ದದ ಮೇಲೂ ಸಾಸಿವೆಗಿಂತ ಸಣ್ಣ ಕಿತ್ತಳೆಗೆಂಪು ಚುಕ್ಕೆಗಳು ಮಿನುಗುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದರೆ ಕಾಲೇಜು ಹುಡುಗರು ಬೆಚ್ಚಿಬೀಳುತ್ತಾರೆ. ಜಿಡ್ಡು ತುಂಬಿದ ರಂಧ್ರಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ಪಾರ್ಫಿರಿನ್ ಎಂಬ ಬಣ್ಣದ್ರವ್ಯದ ಹೊಳಪು ಅದು. ಆ ಬ್ಯಾಕ್ಟೀರಿಯಾಕ್ಕೆ ಈಗಿನ ಹೆಸರು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. 2016ಕ್ಕೆ ಮೊದಲು ಓದಿದ ನಮ್ಮಂಥವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಹೊರಳುತ್ತದೆ. ಮೊಡವೆಗೆ ಬೆಳಕಿನ ಚಿಕಿತ್ಸೆ ಎಂದು ಇಂದು ಜಾಹೀರಾತಾಗುತ್ತಿರುವ ಸಂಗತಿಯ ಮೂಲ ತರ್ಕ ಈ ಹೊಳೆಯುವ ಚುಕ್ಕೆಯಲ್ಲೇ ಇದೆ.

ಪಾರ್ಫಿರಿನ್‌ಗೆ ಅತ್ಯಂತ ಪ್ರಿಯವಾದದ್ದು 415 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಆ ಬೆಳಕನ್ನು ಹೀರಿಕೊಂಡ ಪಾರ್ಫಿರಿನ್ ಪಕ್ಕದಲ್ಲಿರುವ ಆಮ್ಲಜನಕವನ್ನು ಉದ್ರೇಕಗೊಳಿಸುತ್ತದೆ, ಉದ್ರೇಕಗೊಂಡ ಆಮ್ಲಜನಕವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತದೆ; ಅಂದರೆ ಆ ಜೀವಿ ತಾನು ತಯಾರಿಸಿಕೊಂಡ ಬಣ್ಣದಿಂದಲೇ ಸಾಯುತ್ತದೆ. ಕಾಮಾಲೆಯಾದ ಹಸುಗೂಸುಗಳನ್ನು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸುವುದನ್ನು ನೋಡಿದವರು ಇದೂ ಅದೇ ದೀಪವೇ ಎಂದು ಕೇಳುವುದುಂಟು. ಅಲ್ಲ. ಅಲ್ಲಿ ಬಳಸುವುದು ಇನ್ನೂ ಉದ್ದದ ತರಂಗಾಂತರ, ಸುಮಾರು 460ರಿಂದ 490 ನ್ಯಾನೋಮೀಟರ್. ಅಲ್ಲಿ ಬೆಳಕಿಗೆ ಸಿಗುವ ಗುರಿ ಕಾಮಾಲೆಯ ಹಳದಿ ದ್ರವ್ಯವಾದ ಬಿಲಿರುಬಿನ್, ಇಲ್ಲಿ ಪಾರ್ಫಿರಿನ್. ಚರ್ಮಕ್ಕೆ ಬೆಳಕಿನಿಂದ ಮದ್ದು ಮಾಡುವುದು ಹೊಸದೇನೂ ಅಲ್ಲ, ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ನೀಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲೇ ನೊಬೆಲ್ ಬಂದಿತ್ತು. ಯಾವ ಬೆಳಕು, ಚರ್ಮದ ಯಾವ ವಸ್ತುವಿಗೆ ತಾಗಬೇಕು ಎಂಬುದೇ ಅಂದಿನಿಂದ ಇಂದಿನವರೆಗೆ ಈ ಚಿಕಿತ್ಸೆಯ ಮೊದಲ ಪ್ರಶ್ನೆ.

ರಾಯಚೂರಿನ ನನ್ನ ಚಿಕಿತ್ಸಾಲಯದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. "ಡಾಕ್ಟ್ರ, ಮುಂದಿನ ತಿಂಗಳು ಇವಳ ಲಗ್ನ ಅದರಿ, ಏನರೆ ಲೈಟ್ ಹೊಡದು ಈ ಮೊಡವಿ ತಗದುಬಿಡ್ರಿ" ಎಂದು ತಾಯಂದಿರು ಕೇಳುತ್ತಾರೆ. ಒಂದು ತಿಂಗಳಲ್ಲಿ ಮೊಡವೆ ತೆಗೆದುಬಿಡುವ ಲೈಟು ನನ್ನಲ್ಲಿಲ್ಲ ಎಂದರೆ, ಇರುವವರ ವಿಳಾಸ ಅವರಿಗೆ ಆಗಲೇ ಗೊತ್ತಿರುತ್ತದೆ.

ಮೊಡವೆಗೆ ಕಾರಣ ಒಂದಲ್ಲ. ಹಾರ್ಮೋನಿನ ಪ್ರಭಾವಕ್ಕೆ ಒಳಗಾದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ರಂಧ್ರದ ಬಾಯಲ್ಲಿ ಸತ್ತ ಕೋಶಗಳು ಸೇರಿ ಬಿರಡೆಯಾಗುತ್ತವೆ, ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತಲಿನ ಚರ್ಮ ಉರಿಯೂತದಿಂದ ಕೆಂಪಾಗುತ್ತದೆ. ನೀಲಿ ಬೆಳಕು ಮುಟ್ಟುವುದು ಮುಖ್ಯವಾಗಿ ಮೂರನೆಯದನ್ನು ಮಾತ್ರ. ಅದು ಚರ್ಮದೊಳಗೆ ಆಳಕ್ಕೂ ಇಳಿಯದು. 630 ನ್ಯಾನೋಮೀಟರ್ ಸುಮಾರಿನ ಕೆಂಪು ಬೆಳಕು ಇನ್ನಷ್ಟು ಕೆಳಗಿಳಿದು ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತದೆ, ಆದ್ದರಿಂದಲೇ ಎರಡನ್ನೂ ಸೇರಿಸಿ ಕೊಡುವ ರೂಢಿ ಬೆಳೆದಿದೆ. ವಾರಕ್ಕೆರಡು ಬಾರಿಯಂತೆ ನಾಲ್ಕು ವಾರ ಕೊಟ್ಟಾಗ ಕೆಂಪು ಗುಳ್ಳೆಗಳು ಕಡಿಮೆಯಾಗುವುದನ್ನು ನಾನೂ ಕಂಡಿದ್ದೇನೆ. ಆದರೆ ಕಪ್ಪು ಮುಳ್ಳುಗಳು ಇದ್ದಲ್ಲೇ ಇರುತ್ತವೆ, ಆಳದ ಗಂಟುಮೊಡವೆಗಳು ಅಲುಗುವುದಿಲ್ಲ, ಚಿಕಿತ್ಸೆ ನಿಲ್ಲಿಸಿದ ಮೇಲೆ ಬ್ಯಾಕ್ಟೀರಿಯಾ ಮತ್ತೆ ಬೀಡುಬಿಡುತ್ತದೆ. ಮೊಡವೆಯ ಬೆಳಕಿನ ಚಿಕಿತ್ಸೆಗಳ ಕುರಿತು 71 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2016ರ ಕಾಕ್ರೇನ್ ಸಮೀಕ್ಷೆಗೆ ದೃಢವಾದ ಪುರಾವೆ ಸಿಗಲಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿಯೂ ಲೇಸರ್ ಮತ್ತು ಬೆಳಕಿನ ಉಪಕರಣಗಳನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲವೆಂದೇ ಹೇಳಿತು. ಅದೇ ಮಾರ್ಗಸೂಚಿ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್‌ನಂಥ ರೆಟಿನಾಯ್ಡ್ ಜಾತಿಯ ಮುಲಾಮುಗಳನ್ನು ಗಟ್ಟಿಯಾಗಿ ಶಿಫಾರಸು ಮಾಡುತ್ತದೆ. ಬೆಳಕಿನ ಒಂದು ಸಿಟ್ಟಿಂಗಿನ ಹಣದಲ್ಲಿ ಈ ಮುಲಾಮುಗಳು ತಿಂಗಳುಗಟ್ಟಲೆ ಬರುತ್ತವೆ. ದಿಂಬಿನ ಕವರಿನ ಬಣ್ಣ ಹೋಗುತ್ತದೆ ಎಂಬುದೊಂದೇ ಬೆಂಜಾಯಿಲ್ ಪೆರಾಕ್ಸೈಡ್ ಮೇಲೆ ಮನೆಯವರ ದೂರು.

ಇಷ್ಟರಲ್ಲೇ ಮುಗಿದಿದ್ದರೆ ನೀಲಿ ಬೆಳಕನ್ನು ಹಣ ಪೋಲು ಮಾಡುವ, ಆದರೆ ಕೇಡಿಲ್ಲದ ಚಿಕಿತ್ಸೆ ಎಂದು ಬಿಟ್ಟುಬಿಡಬಹುದಿತ್ತು. ನಮ್ಮ ಚರ್ಮದ ಬಣ್ಣ ಹಾಗೆ ಬಿಡಗೊಡುವುದಿಲ್ಲ. 1975ರಲ್ಲಿ ಫಿಟ್ಸ್‌ಪ್ಯಾಟ್ರಿಕ್ ರೂಪಿಸಿದ ವರ್ಗೀಕರಣದ ಈಗಿನ ಆರು ದರ್ಜೆಗಳಲ್ಲಿ, ಸುಲಭವಾಗಿ ಸುಡದೆ ಸುಲಭವಾಗಿ ಕಪ್ಪಾಗುವ ನಮ್ಮ ಸೀಮೆಯ ಜನ ಬಹುಪಾಲು ನಾಲ್ಕು ಮತ್ತು ಐದನೆಯ ದರ್ಜೆಯವರು. ಇಂಥ ಚರ್ಮವನ್ನು ಕಪ್ಪಾಗಿಸುವುದು ಅತಿನೇರಳೆ ಕಿರಣ ಮಾತ್ರ ಎಂದು ಬಹುಕಾಲ ನಂಬಿದ್ದೆವು. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಅಂಚಿನ ಬೆಳಕು, ಗೋಧಿಬಣ್ಣದ ಮತ್ತು ಕಪ್ಪು ಚರ್ಮದಲ್ಲಿ ವಾರಗಟ್ಟಲೆ ಉಳಿಯುವ ಕಪ್ಪನ್ನು ಉಂಟುಮಾಡುತ್ತದೆ, ಅದೇ ಪ್ರಮಾಣದಲ್ಲಿ ಬಿಳಿಯರ ಚರ್ಮದಲ್ಲಿ ಉಂಟುಮಾಡುವುದಿಲ್ಲ ಎಂಬುದು 2010ರಿಂದೀಚಿನ ಪ್ರಯೋಗಗಳಿಂದ ಗೊತ್ತಾಗಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳಲ್ಲಿ ಆಪ್ಸಿನ್-3 ಎಂಬ ಪ್ರೋಟೀನ್ ಇದ್ದು, ಅದು ನೀಲಿ ಬೆಳಕನ್ನು ಗ್ರಹಿಸಿ ಬಣ್ಣದ ಉತ್ಪಾದನೆಗೆ ಚಾಲನೆ ಕೊಡುತ್ತದೆ. ಹೀಗೆ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವ 415 ನ್ಯಾನೋಮೀಟರ್ ಬೆಳಕೇ ಬಂಗನ್ನು, ಅಂದರೆ ಮುಖದ ಮೇಲೆ ಹರಡುವ ಕಪ್ಪು ಕಲೆಯನ್ನು, ಗಾಢವಾಗಿಸುವ ಬೆಳಕೂ ಹೌದು. ಕೆನ್ನೆಯ ಮೇಲೆ ಬಂಗಿನ ನೆರಳು ಕಂಡರೂ ನಾನು ನೀಲಿ ಬೆಳಕು ಕೊಡುವುದಿಲ್ಲ.

ಬಸುರಿಯರ ವಿಷಯದಲ್ಲಿ ಇದು ನಿಜವಾದ ಇಕ್ಕಟ್ಟು. ಮೊಡವೆಗೆ ಕೊಡುವ ಔಷಧಗಳಲ್ಲಿ ಐಸೋಟ್ರೆಟಿನಾಯಿನ್ ಗುಳಿಗೆ ಭ್ರೂಣಕ್ಕೆ ಮಾರಕ, ಡಾಕ್ಸಿಸೈಕ್ಲಿನ್ ಸಲ್ಲದು, ರೆಟಿನಾಯ್ಡ್ ಮುಲಾಮುಗಳನ್ನೂ ನಿಲ್ಲಿಸಬೇಕು. ಔಷಧವಿಲ್ಲದ ಬೆಳಕು ಆಗ ಒಳ್ಳೆಯ ದಾರಿಯೆಂದು ತೋರುತ್ತದೆ. ಆದರೆ ಬಂಗು ಹೊಮ್ಮುವುದೂ ಅದೇ ತಿಂಗಳುಗಳಲ್ಲಿ. ಅಂಥವರಿಗೆ ಅಜೆಲಾಯಿಕ್ ಆಸಿಡ್ ಮುಲಾಮು ಕೊಡುತ್ತೇನೆ. ಅದು ಮೊಡವೆಗೂ ಕಲೆಗೂ ಆಗುತ್ತದೆ.

ನೀಲಿ ಬೆಳಕು ಸೂಸುವ ಎಲ್‌ಇಡಿ ದೀಪಕ್ಕಿಂತ ನನಗೆ ಹೆಚ್ಚು ಭಯವಿರುವುದು ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಯಂತ್ರದ ಮೇಲೆ. ಅದು ಲೇಸರ್ ಅಲ್ಲ. ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಒಮ್ಮೆಗೇ ಸಿಡಿಸುವ, ಫಿಲ್ಟರ್ ಹಾಕಿ ಸೋಸಿಕೊಳ್ಳಬೇಕಾದ ಬಲವಾದ ಫ್ಲ್ಯಾಷ್. ಬಿಳಿಯ ಚರ್ಮದ ಬಿಸಿಲುಮಚ್ಚೆಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಕಪ್ಪಿರುವುದು ಮಚ್ಚೆಯಲ್ಲಿ ಮಾತ್ರ. ನಮ್ಮಲ್ಲಿ ಮಚ್ಚೆಯ ಸುತ್ತಲಿನ ಚರ್ಮದಲ್ಲೂ ಮೆಲನಿನ್ ಇದೆ, ಅದೂ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಬೇರೆಡೆ ಐಪಿಎಲ್ ಮಾಡಿಸಿಕೊಂಡ ಯುವತಿಯೊಬ್ಬಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಂದಳು. ಬಿಚ್ಚಿದಾಗ ಎರಡೂ ಕೆನ್ನೆಗಳ ಮೇಲೆ ಯಂತ್ರದ ತುದಿಯ ಆಕಾರದ ಆಯತಗಳು, ಇಟ್ಟಿಗೆ ಜೋಡಿಸಿದ ಹಾಗೆ, ಸಾಲಾಗಿ ಕಪ್ಪಾಗಿದ್ದವು. ಮೊದಲು ಯಾರೂ ಪರೀಕ್ಷಾರ್ಥವಾಗಿ ಒಂದು ಚುಕ್ಕೆ ಕೊಟ್ಟು ನೋಡಿರಲಿಲ್ಲ, ವಾರದ ಹಿಂದಷ್ಟೇ ಜಾತ್ರೆಯ ಬಿಸಿಲಿನಲ್ಲಿ ತಿರುಗಿದ್ದಳೆಂಬುದನ್ನೂ ಕೇಳಿರಲಿಲ್ಲ. ಆ ಆಯತಗಳು ಮಾಸಲು ಎಂಟು ತಿಂಗಳು ಬೇಕಾದವು.

ಬಿಸಿಲಿನಿಂದ ಕೆಟ್ಟ ಚರ್ಮಕ್ಕೆ ಬೆಳಕಿನ ಚಿಕಿತ್ಸೆ ಎಂದು ಪಾಶ್ಚಾತ್ಯ ಲೇಖನಗಳು ಬರೆಯುವಾಗ ಅವರ ಮನಸ್ಸಿನಲ್ಲಿ ಮುಖ್ಯವಾಗಿ ಇರುವುದು ಆಕ್ಟಿನಿಕ್ ಕೆರಟೋಸಿಸ್, ಅಂದರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಒರಟು ಮಚ್ಚೆಗಳು. ಅಮೈನೋಲೆವುಲಿನಿಕ್ ಆಮ್ಲದ ದ್ರಾವಣವನ್ನು ಆ ಮಚ್ಚೆಗಳಿಗೆ ಹಚ್ಚಿದರೆ ಕೋಶಗಳೇ ಪಾರ್ಫಿರಿನ್ ತಯಾರಿಸಿಕೊಳ್ಳುತ್ತವೆ, ಆಮೇಲೆ ನೀಲಿ ಬೆಳಕು ಬಿಟ್ಟರೆ ಅವು ಸಾಯುತ್ತವೆ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದು ಈ ವಿಧಾನಕ್ಕೆ. ನಮ್ಮ ರೈತರು ಅವರಿಗಿಂತ ಎಷ್ಟೋ ಹೆಚ್ಚು ಬಿಸಿಲು ಕುಡಿಯುತ್ತಾರೆ, ಆದರೂ ಮೆಲನಿನ್ ದಯೆಯಿಂದ ಈ ಮಚ್ಚೆಗಳು ನಮ್ಮಲ್ಲಿ ಅಪರೂಪ. ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದವರ ಮಾತು ಬೇರೆ: ಅವರ ಮುಖ, ಕಿವಿ, ಕೈಗಳನ್ನು ಆರು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು, ಹೊಲದ ಕೆಲಸ ಅವರಿಗೆ ತಕ್ಕುದಲ್ಲ.

ಹಾಗಾದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ "ಬಿಸಲಿಗೆ ಮುಖ ಕರ್ರಗಾಗ್ಯದ" ಎಂದು ಬರುವವರ ಮುಖದಲ್ಲಿರುವುದು ಏನು? ಇದಕ್ಕೆ ಉತ್ತರ ಸಿಗುವವರೆಗೆ ಯಾವ ಯಂತ್ರದ ಸ್ವಿಚ್ಚನ್ನೂ ಒತ್ತಬಾರದೆಂಬುದು ನನ್ನ ನಿಲುವು. ಮಾನ್ವಿ ಕಡೆಯ ಹಳ್ಳಿಯ ಒಬ್ಬ ರೈತರು ಲೇಸರ್ ಮಾಡಿಸಲೆಂದೇ ಹಣ ಹೊಂದಿಸಿಕೊಂಡು ಬಂದಿದ್ದರು. ಮುಖ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲವೂ ಕಪ್ಪಾಗಿ, ದಪ್ಪಗಾಗಿ, ತುರಿಸುತ್ತಿದ್ದವು. ಬಿಸಿಲಿನ ಕಪ್ಪಾಗಿದ್ದರೆ ಬಿಸಿಲು ತಾಗದ ಜಾಗ ಉಳಿದುಕೊಂಡಿರಬೇಕು: ಮೇಲಿನ ರೆಪ್ಪೆ, ಗದ್ದದ ಅಡಿ, ಕಿವಿಯ ಹಿಂದೆ. ಅವರಲ್ಲಿ ಈ ಮೂರೂ ಜಾಗಗಳು ಉಳಿದೆಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದವು. ಗಾಳಿಯಲ್ಲಿ ಹಾರಿಬಂದ ಯಾವುದೋ ಪುಡಿ ಮಡಿಕೆಗಳಲ್ಲಿ ಕೂತಿದೆ ಎಂಬುದಕ್ಕೆ ಇದಕ್ಕಿಂತ ಗುರುತು ಬೇಡ. ಅಲರ್ಜಿ ತರಬಹುದಾದ ವಸ್ತುಗಳ ಪ್ಯಾಚ್ ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡಿದಾಗ ಉತ್ತರ ಬಂತು: ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಾಣಿಸಿಕೊಂಡು ಇಂದು ನಮ್ಮ ಬದುಗಳನ್ನೆಲ್ಲ ಆಕ್ರಮಿಸಿರುವ, ಜನ ಕಾಂಗ್ರೆಸ್ ಕಸವೆಂದು ಕರೆಯುವ ಗಿಡ. ಈ ಅಲರ್ಜಿ ಹಳತಾದವರಲ್ಲಿ ಚರ್ಮವು ಬೆಳಕಿಗೇ ಅಸಹನೆ ಬೆಳೆಸಿಕೊಳ್ಳುವುದೂ ಉಂಟು. ಅಂಥ ಮುಖಕ್ಕೆ ಬೆಳಕು ಹೊಡೆದಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಅಜಾಥಿಯೋಪ್ರಿನ್ ಗುಳಿಗೆಯನ್ನು ರಕ್ತಪರೀಕ್ಷೆಯ ನಿಗಾದಲ್ಲಿ ಕೊಟ್ಟು, ತಲೆಗೆ ಸುತ್ತುವ ಟವೆಲನ್ನು ದಿನವೂ ಒಗೆಯಲು ಹೇಳಿ, ಬದುವಿನ ಕಸ ಕೀಳುವ ಕೆಲಸವನ್ನು ಮನೆಯಲ್ಲಿ ಅಲರ್ಜಿಯಿಲ್ಲದ ಬೇರೆಯವರಿಗೆ ವಹಿಸಲು ಒಪ್ಪಿಸಿದ ಮೇಲೆ ಅವರು ಸುಧಾರಿಸಿದರು.

ಬಿಸಿಲಿನ ಹೆಸರಿನಲ್ಲಿ ಬರುವ ಇನ್ನೊಂದು ಕಪ್ಪು ಹಣೆಯ ಬದಿಗಳಲ್ಲಿ, ಕೆನ್ನೆಯ ಎಲುಬಿನ ಮೇಲೆ, ಹೆಕ್ಕತ್ತಿನಲ್ಲಿ ಮಖಮಲ್ಲಿನಂತೆ ದಪ್ಪಗಾಗುತ್ತದೆ. ಅದರ ಮೂಲ ಹೊಟ್ಟೆಯ ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ. ಅವರಿಗೆ ಬೇಕಾದದ್ದು ಸಕ್ಕರೆಯ ಪರೀಕ್ಷೆ.

ಮೂರನೆಯ ಗುಂಪಿನ ಬಗ್ಗೆ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಮುಖ ಬೆಳ್ಳಗಾಗಲೆಂದು ಔಷಧದಂಗಡಿಯಿಂದ ಚೀಟಿಯಿಲ್ಲದೆ ತಂದು ವರ್ಷಗಟ್ಟಲೆ ಹಚ್ಚಿದ, ಸ್ಟೆರಾಯ್ಡ್ ಬೆರೆಸಿದ ಟ್ಯೂಬುಗಳಿಂದ ಚರ್ಮ ತೆಳುವಾಗಿ, ಕೆಂಪು ನರಗಳೆದ್ದು, ಒಂದೇ ಅಳತೆಯ ಸಣ್ಣ ಗುಳ್ಳೆಗಳು ತುಂಬಿ, ಒಲೆಯ ಮುಂದೆ ನಿಂತರೂ ಉರಿಯುವ ಮುಖಗಳು ಇವು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು, ಮಾರಾಟ ನಿಂತಿಲ್ಲ. ಈ ಮುಖಕ್ಕೆ ಮೊಡವೆಯೆಂದು ನೀಲಿ ದೀಪ ಹಿಡಿದರೂ, ಕಲೆಯೆಂದು ಲೇಸರ್ ಹಾಯಿಸಿದರೂ ಉರಿ ಹೆಚ್ಚುತ್ತದೆ. ಟ್ಯೂಬನ್ನು ಬಿಡಿಸುವುದೇ ಮೊದಲ ಮೂರು ನಾಲ್ಕು ತಿಂಗಳ ಚಿಕಿತ್ಸೆ, ಬಿಟ್ಟ ಮೊದಲ ವಾರಗಳಲ್ಲಿ ಮುಖ ಇನ್ನಷ್ಟು ಕೆರಳುತ್ತದೆಂದು ಮುಂಚೆಯೇ ಹೇಳದಿದ್ದರೆ ರೋಗಿ ಮತ್ತೆ ಅದೇ ಅಂಗಡಿಗೆ ಹೋಗುತ್ತಾರೆ.

ಇದನ್ನೆಲ್ಲ ಕಳೆದು ಉಳಿಯುವ ಅಪ್ಪಟ ಬಂಗಿಗೂ ನನ್ನ ಮೊದಲ ಮದ್ದು ನೆರಳು. ಸಾಮಾನ್ಯ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖ-ಕುತ್ತಿಗೆಗೆ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸಿಂಧನೂರಿನ ಗದ್ದೆಯಲ್ಲಿ ಕೆಸರುಗೈಯಲ್ಲಿ ನಾಟಿ ಮಾಡುತ್ತಿರುವವರಿಗೆ ಈ ಮಾತು ಹೇಳುವುದು ಗೇಲಿಯಂತೆ ಕೇಳಿಸುತ್ತದೆ. ಅವರಿಗೆ ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿಬಟ್ಟೆಯನ್ನು ಹಣೆ ಮುಚ್ಚುವಂತೆ ಕಟ್ಟಿಕೊಳ್ಳಲು ಹೇಳುತ್ತೇನೆ. ತೆಳುವಾದ ಬಿಳಿ ಬಟ್ಟೆ ಬೆವರಿಗೆ ನೆನೆದರೆ ಕಿರಣಗಳನ್ನು ಒಳಗೆ ಬಿಡುತ್ತದೆ. ಬಂಗಿಗೆ ಲೇಸರ್ ಕೊನೆಯ ಮೆಟ್ಟಿಲು. ಲೇಸರ್ ನಿಲ್ಲಿಸಿದ ಮೇಲೆ ಬಂಗು ಮೊದಲಿಗಿಂತ ಗಾಢವಾಗಿ ಮರಳಿದ ಉದಾಹರಣೆಗಳು ಸಾಕಷ್ಟಿವೆ.

ಬೆಳಕಿನ ಮೇಲೆ ನನಗೆ ಹಗೆಯಿಲ್ಲ. ಮೊಡವೆ ಶಮನವಾದ ಮೇಲೆ ಉಳಿದ ಗುಳಿಗಳಿಗೆ, ಚರ್ಮಕ್ಕೆ ಚುಕ್ಕೆಚುಕ್ಕೆಯಾಗಿ ತಾಗುವ ಫ್ರ್ಯಾಕ್ಷನಲ್ ಲೇಸರನ್ನು ಎಚ್ಚರದಿಂದ ಬಳಸುತ್ತೇನೆ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 1726 ನ್ಯಾನೋಮೀಟರ್ ಲೇಸರ್ ಮೆಲನಿನ್ ಅನ್ನು ಬಿಟ್ಟು ಜಿಡ್ಡನ್ನೇ ಗುರಿಯಾಗಿಸಿ ಗ್ರಂಥಿಯನ್ನು ಬಿಸಿಮಾಡುವುದರಿಂದ ನಮ್ಮ ಚರ್ಮಕ್ಕೆ ಹೆಚ್ಚು ಹೊಂದಬಹುದೆಂಬ ಆಸೆಯಿದೆ. ಆನ್‌ಲೈನಿನಲ್ಲಿ ಮಾರುವ ಎಲ್‌ಇಡಿ ಮುಖವಾಡಗಳ ಶಕ್ತಿ ಕಡಿಮೆ. ಕಣ್ಣಿಗೆ ತಡೆಯಿಲ್ಲದವನ್ನು ಕೊಳ್ಳಲೇಬಾರದು.

ಪುಸ್ತಕಗಳು ಲೇಸರಿಗೆ ಚಳಿಗಾಲ ಒಳ್ಳೆಯದೆನ್ನುತ್ತವೆ, ನಾನೂ ಮಾರ್ಚಿನಿಂದ ಜೂನ್‌ವರೆಗೆ ಮುಂದೂಡುತ್ತೇನೆ. ಆದರೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಕಾರ್ತೀಕದಿಂದ ಪುಷ್ಯದವರೆಗೆ ಹೊಲವೇ ಮನೆ, ಅವರ ಬಿಸಿಲುಗಾಲ ನಮ್ಮ ಪುಸ್ತಕದ ಚಳಿಗಾಲ. ಹೀಗಾಗಿ ತಿಂಗಳು ನಿಗದಿಪಡಿಸುವ ಮೊದಲು ಏನು ಕೆಲಸ ಎಂದು ಕೇಳುತ್ತೇನೆ, ಯಾವ ಗುಳಿಗೆ ನುಂಗುತ್ತಿದ್ದೀರಿ ಎಂದೂ ಕೇಳುತ್ತೇನೆ. ಮೊಡವೆಗೇ ಕೊಡುವ ಡಾಕ್ಸಿಸೈಕ್ಲಿನ್ ನುಂಗಿ ಹೊಲಕ್ಕೆ ಹೋದವರ ಮುಖ ಸುಟ್ಟಿರುವುದನ್ನೂ, ಕೆಲವರ ಉಗುರು ಅಡಿಯ ಚರ್ಮದಿಂದ ಬಿಟ್ಟು ಮೇಲೆದ್ದಿರುವುದನ್ನೂ ನೋಡಿದ್ದೇನೆ. ಎಲ್ಲ ಸರಿಯಿದ್ದರೆ ದವಡೆಯ ಅಂಚಿನಲ್ಲಿ, ಕೂದಲು ಮುಚ್ಚುವ ಜಾಗದಲ್ಲಿ ಒಂದು ಚುಕ್ಕೆ ಕೊಟ್ಟು ನಾಲ್ಕು ವಾರ ಕಾಯುತ್ತೇನೆ, ಏಕೆಂದರೆ ನಮ್ಮ ಚರ್ಮ ಕಪ್ಪಾಗುವುದು ಮರುದಿನವಲ್ಲ, ಎರಡು ಮೂರು ವಾರ ಕಳೆದ ಮೇಲೆ. ಮೊದಲ ಭೇಟಿಗೆ ಬರುವವರಲ್ಲಿ ನನ್ನದೊಂದು ಕೋರಿಕೆ: ಮನೆಯಲ್ಲಿ ಮುಖಕ್ಕೆ ಹಚ್ಚುತ್ತಿರುವ ಎಲ್ಲ ಟ್ಯೂಬು, ಡಬ್ಬಿಗಳನ್ನು, ಖಾಲಿಯಾದವನ್ನೂ ಅಕ್ಕತಂಗಿಯರಿಂದ ಎರವಲು ತಂದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.