ರಜೆಯಲ್ಲಿ ಬಿಪಿ ಸರಿ ಇರುತ್ತೆ, ಶಾಲೆ ಶುರುವಾದರೆ ಏರುತ್ತೆ: ಮಾತ್ರೆ ಬೇಕಾ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ, ವಯಸ್ಸು 47. ಬೇಸಿಗೆ ರಜೆಯಲ್ಲಿ ಬಿಪಿ 128/82 ಇತ್ತು. ಜೂನ್‌ನಲ್ಲಿ ಶಾಲೆಯಲ್ಲಿ ನಡೆದ ಕ್ಯಾಂಪಿನಲ್ಲಿ 152/96 ಬಂತು. ತಲೆನೋವು, ತಲೆಸುತ್ತು ಏನೂ ಇಲ್ಲ. ಇದು ಬರೀ ಟೆನ್ಷನ್ ಅಲ್ವಾ? ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಗೋಬೇಕಂತೆ, ನಿಜವಾ?

ಉತ್ತರ: ಮೇಡಂ, ಇದನ್ನು ಬರೀ ಟೆನ್ಷನ್ ಅಂತ ಬಿಟ್ಟುಬಿಡಬೇಡಿ. ಹಾಗಂತ ಒಂದೇ ಸಲದ ಅಳತೆ ನೋಡಿ ಹೆದರುವುದೂ ಬೇಡ.

ಪಾಠ ಮುಗಿಸಿ, ಮೆಟ್ಟಿಲಿಳಿದು ಬಂದು, ಪಕ್ಕದವರ ಜೊತೆ ಮಾತಾಡುತ್ತಾ ತೋಳು ಚಾಚಿದರೆ ಬಿಪಿ ಜಾಸ್ತಿಯೇ ತೋರಿಸುತ್ತದೆ. ಆಗಷ್ಟೇ ಕಾಫಿ ಕುಡಿದಿದ್ದರೂ ಅಷ್ಟೇ. ಮೂತ್ರ ತಡೆದುಕೊಂಡಿದ್ದರೂ ಏರುತ್ತದೆ. ಒಳ್ಳೆಯ ಶೌಚಾಲಯವಿಲ್ಲದ ಶಾಲೆಗಳಲ್ಲಿ ನೀರನ್ನೇ ಕುಡಿಯದೆ, ಸಂಜೆವರೆಗೆ ತಡೆದುಕೊಂಡು ಪಾಠ ಮಾಡುವ ಶಿಕ್ಷಕಿಯರು ಇದ್ದಾರೆ. ಆ ಕಷ್ಟ ಯಾವ ಕ್ಯಾಂಪಿನ ಚೀಟಿಯಲ್ಲೂ ಬರೆದಿರುವುದಿಲ್ಲ.

ರಜೆಯ ಅಳತೆಯನ್ನೂ ಪೂರ್ತಿ ನಂಬಬೇಡಿ. ಏಪ್ರಿಲ್, ಮೇ ತಿಂಗಳ ಸೆಕೆಗೆ ರಕ್ತನಾಳಗಳು ಹಿಗ್ಗುತ್ತವೆ. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತದೆ. ಬಿಪಿ ಸ್ವಲ್ಪ ಇಳಿಯುತ್ತದೆ. ಮಳೆಗಾಲದ ತಂಪಿಗೆ ಮತ್ತೆ ಏರಬಹುದು. ಶಾಲೆ ತೆರೆಯುವುದೂ ಆಗಲೇ ಅಲ್ವಾ? ಎಲ್ಲವನ್ನೂ ಮಕ್ಕಳ ಗಲಾಟೆಯ ಮೇಲೆ ಹಾಕುವಂತಿಲ್ಲ.

ಒಂದು ವೇಳೆ ಶಾಲೆಯಲ್ಲಿ ಮಾತ್ರ ಏರುತ್ತಿದೆ ಅಂತಲೇ ಇಟ್ಟುಕೊಳ್ಳೋಣ. ವಾರಕ್ಕೆ ಆರು ದಿನ, ವರ್ಷಕ್ಕೆ ಹತ್ತು ತಿಂಗಳು ನೀವು ಇರುವುದು ಅಲ್ಲೇ. ಆ ಒತ್ತಡ ಕೆಲಸದ್ದೋ ಕಾಯಿಲೆಯದ್ದೋ ಅಂತ ಹೃದಯ ನೋಡುವುದಿಲ್ಲ. ಅದರ ಗೋಡೆ ದಪ್ಪವಾಗುತ್ತಾ ಹೋಗುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ನೋವಂತೂ ಇರುವುದಿಲ್ಲ. ತಲೆನೋವಿಲ್ಲ ಅನ್ನುವ ಸಮಾಧಾನವೇ ತುಂಬಾ ಜನರನ್ನು ಮೋಸ ಮಾಡಿದೆ.

ಒಂದು ವಾರ ಹೀಗೆ ಮಾಡಿ. ತೋಳಿಗೆ ಪಟ್ಟಿ ಸುತ್ತುವ ಬಿಪಿ ಮಷೀನ್ ತನ್ನಿ. ಬೆಳಿಗ್ಗೆ ಕಾಫಿಗೆ ಮುಂಚೆ, ರಾತ್ರಿ ಮಲಗುವ ಮುಂಚೆ ನೋಡಿಕೊಳ್ಳಿ. ಎರಡು ದಿನ ಸ್ಟಾಫ್ ರೂಮಿನಲ್ಲೂ ನೋಡಿ, ಪಾಠ ಇಲ್ಲದ ಪೀರಿಯಡ್‌ನಲ್ಲಿ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಸುಮ್ನೆ ಕೂತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎಲ್ಲವನ್ನೂ ಬರೆದಿಡಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಬಿಪಿಯೇ. ಆಸ್ಪತ್ರೆಯಲ್ಲಾದರೆ ಈ ಗಡಿ 140/90. ಮನೆಯಲ್ಲಿ ಸರಿ ಇದ್ದು ಸ್ಟಾಫ್ ರೂಮಿನಲ್ಲಿ ಮಾತ್ರ ಜಾಸ್ತಿ ಬಂದರೂ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ನಡುವೆ ಯಾವಾಗಲಾದರೂ 180/120 ದಾಟಿದರೆ ವಾರ ಮುಗಿಯಲಿ ಅಂತ ಕಾಯಬೇಡಿ.

ಮಾತ್ರೆ ಬರೆದುಕೊಟ್ಟರೆ ಹೆಚ್ಚಿನವರು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ನಿಜ. ಆದರೆ ಅದು ಚಟವಲ್ಲ. ಕನ್ನಡಕ ಹಾಕಿಕೊಂಡ ಹಾಗೆ. ತೂಕ ಇಳಿದು, ಉಪ್ಪು ಕಡಿಮೆಯಾದರೆ ವೈದ್ಯರೇ ಪ್ರಮಾಣ ಇಳಿಸಬಹುದು. ರಜೆಯಲ್ಲಿ ಬಿಪಿ ಇಳಿಯಿತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಅಮ್ಲೋಡಿಪಿನ್‌ನಂಥ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಬುತ್ತಿಯ ಉಪ್ಪಿನಕಾಯಿ, ಸ್ಟಾಫ್ ರೂಮಿನ ಖಾರ ಮಿಕ್ಸ್ಚರ್ ಎಲ್ಲಾ ಸೇರಿ. ನಡಿಗೆಯೂ ಬೇಕು. ಇಡೀ ದಿನ ನಿಂತೇ ಇರ್ತೀವಲ್ಲ ಅನ್ನಬೇಡಿ, ನಿಲ್ಲುವುದು ನಡಿಗೆಯಲ್ಲ.

ಹೃದಯಾಘಾತದ ಬಗ್ಗೆ ಇನ್ನೊಂದು ಮಾತು, ನೀವು ಕೇಳದಿದ್ದರೂ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಹರಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ಗ್ಯಾಸ್ ಅಂದುಕೊಂಡು ಕೊನೇ ಪೀರಿಯಡ್ ಮುಗಿಸಲು ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದು ಎಷ್ಟು ಬೇಗ ಸಿಕ್ಕರೆ ಹೃದಯದ ಅಷ್ಟು ಭಾಗ ಉಳಿಯುತ್ತದೆ. ಆ ಹೊತ್ತಿಗೆ ನಿಮ್ಮ ತರಗತಿಯನ್ನು ಪಕ್ಕದ ಕೋಣೆಯ ಮೇಷ್ಟ್ರು ನೋಡಿಕೊಳ್ಳುತ್ತಾರೆ.